ಹೋದ ವರ್ಷ ಕೇಳಿದ್ದು ಏನಾಯ್ತು? ನಮ್ಮ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆ

ಪ್ರತಿ ವರ್ಷ ನವೆಂಬರ್ ಹತ್ತಿರ ಬಂತು ಅಂದರೆ ನಮ್ಮ ಪಂಚಾಯಿತಿಗೆ ಮೇಲಿನಿಂದ ಒಂದು ಸುತ್ತೋಲೆ ಬರುತ್ತದೆ. ಮಕ್ಕಳ ಗ್ರಾಮ ಸಭೆ ಮಾಡಿ, ವರದಿ ಕಳಿಸಿ, ಫೋಟೋ ಕಳಿಸಿ ಅಂತ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅಂತ ಹೆಸರು. ಸಂಜೆ ಶಾಲೆ ಬಿಟ್ಟ ಮಕ್ಕಳು ಬ್ಯಾಗ್ ಸಮೇತ ನೇರ ನನ್ನ ಹತ್ತಿರ ಬರುತ್ತಾರೆ. ಓದುತ್ತಾರೆ, ಚೆಸ್ ಆಡುತ್ತಾರೆ, ಮನೆಯ ಸುದ್ದಿ ಶಾಲೆಯ ಸುದ್ದಿ ಎಲ್ಲ ಹೇಳುತ್ತಾರೆ. ಅದಕ್ಕೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಾಹೇಬರು ಈ ಕೆಲಸ ನನಗೆ ಒಪ್ಪಿಸಿದರು. "ಮಕ್ಕಳು ನಿಮ್ಮ ಮಾತು ಕೇಳ್ತಾರಲ್ಲ ಮೇಡಂ, ನೀವೇ ನೋಡ್ಕೊಳ್ಳಿ" ಅಂದರು.

ಮಕ್ಕಳ ಗ್ರಾಮ ಸಭೆ ಸಾಮಾನ್ಯವಾಗಿ ಹೇಗಿರುತ್ತದೆ ಅಂತ ನಾನು ಬೇರೆ ಬೇರೆ ಊರುಗಳಲ್ಲಿ ನೋಡಿದ್ದೇನೆ. ಶಾಮಿಯಾನ, ಮೈಕು, ವೇದಿಕೆ ತುಂಬ ಕುರ್ಚಿ. ಪ್ರಾರ್ಥನೆ, ಸ್ವಾಗತ, ಒಬ್ಬೊಬ್ಬರಿಗೂ ಹಾರ. ಮಕ್ಕಳು ಯೂನಿಫಾರ್ಮಿನಲ್ಲಿ ಬಿಸಿಲಿಗೆ ಕೂತಿರುತ್ತಾರೆ. ಊಟದ ಹೊತ್ತಿಗೆ ಯಾರಾದರೂ "ಮಕ್ಕಳೇ, ನಿಮ್ಮ ಸಮಸ್ಯೆ ಏನಾದ್ರೂ ಇದ್ರೆ ಹೇಳಿ" ಅನ್ನುತ್ತಾರೆ. ಇಬ್ಬರು ಮಕ್ಕಳು ಮೇಷ್ಟ್ರು ಬರೆದುಕೊಟ್ಟ ಚೀಟಿ ಓದುತ್ತಾರೆ. ಕಾಂಪೌಂಡ್ ಬೇಕು, ಆಟದ ಸಾಮಾನು ಬೇಕು. ಬಿಸ್ಕತ್ ಪ್ಯಾಕೆಟ್ ಹಂಚಿ ಕಳಿಸುತ್ತಾರೆ. ಆ ಚೀಟಿ ಎಲ್ಲಿ ಹೋಯಿತು ಅಂತ ಮುಂದಿನ ವರ್ಷ ಯಾರೂ ಕೇಳುವುದಿಲ್ಲ. ನನಗೆ ಇದು ಸರಿ ಅನಿಸಲಿಲ್ಲ. ಮಕ್ಕಳನ್ನು ಕರೆದು ಕೂರಿಸಿ ಉತ್ತರ ಕೊಡದೆ ಕಳಿಸಿದರೆ, ಕೇಳಿ ಪ್ರಯೋಜನ ಇಲ್ಲ ಅನ್ನುವುದನ್ನು ಆ ವಯಸ್ಸಿಗೇ ಕಲಿಸಿದಂತಾಗುತ್ತದೆ.

ಮಕ್ಕಳ ಗ್ರಾಮ ಸಭೆಯನ್ನು ಯಾರೋ ದಯೆಯಿಂದ ನಡೆಸಿಕೊಡುತ್ತಿಲ್ಲ. ಕರ್ನಾಟಕದಲ್ಲಿ 2006ರಿಂದಲೇ ಸರ್ಕಾರದ ಆದೇಶ ಇದೆ. ಅದಕ್ಕೂ ಮುಂಚೆ, 1990ರ ದಶಕದಲ್ಲಿ ಕುಂದಾಪುರದ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ನಡೆದಿದ್ದವು. ದುಡಿಯುವ ಮಕ್ಕಳೇ ಭೀಮ ಸಂಘ ಅಂತ ಕಟ್ಟಿಕೊಂಡು ತಮ್ಮ ಮಾತು ಕೇಳಿ ಅಂದಿದ್ದರು. ಇನ್ನು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದು 1989ರಲ್ಲಿ, ಭಾರತ ಒಪ್ಪಿಕೊಂಡದ್ದು 1992ರಲ್ಲಿ. ಅದರ 12ನೇ ವಿಧಿ ಹೇಳುವುದು ಇಷ್ಟೇ: ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವನ್ನು ಕೇಳಬೇಕು, ಅದರ ವಯಸ್ಸು ತಿಳಿವಳಿಕೆ ನೋಡಿ ಆ ಮಾತಿಗೆ ತೂಕ ಕೊಡಬೇಕು. ಮಗು ಅಂದರೆ 18 ವರ್ಷ ತುಂಬದ ಎಲ್ಲರೂ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗ್ರಂಥಾಲಯದ ಗೋಡೆಗೆ ಅಂಟಿಸಿದೆ. ಪಿಯುಸಿ ಓದುವ ಹುಡುಗರು ನೋಡಿ, "ಅಕ್ಕ, ಹಂಗಾದ್ರೆ ನಾವೂ ಬರಬಹುದಾ?" ಅಂತ ಕೇಳಿದರು. ಖಂಡಿತ ಬರಬಹುದು, ಬರಲೇಬೇಕು ಅಂದೆ. ಅಲ್ಲಿಯವರೆಗೆ ಅವರನ್ನು ಯಾರೂ ಕರೆದಿರಲಿಲ್ಲ.

ತಯಾರಿಯ ಮೊದಲ ಮಾತುಕತೆ ಪಂಚಾಯಿತಿ ಆಫೀಸಿನಲ್ಲಿ. ಪಿಡಿಒ, ಅಧ್ಯಕ್ಷರು, ಶಾಲೆಗಳ ಮುಖ್ಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆ ಎಲ್ಲ ಬಂದಿದ್ದರು. ನಾನು ಅಲ್ಲಿ ಒಂದೇ ವಿಷಯಕ್ಕೆ ಜಗ್ಗಾಡಿದೆ. ಸಭೆಯ ದಿನಾಂಕ. ಈ ಅಭಿಯಾನಕ್ಕೆ ನವೆಂಬರ್ 14ರಿಂದ ಜನವರಿ 24ರವರೆಗೆ ಸಮಯ ಕೊಡುತ್ತಾರೆ. ಕೆಲವು ಪಂಚಾಯಿತಿಗಳು ಜನವರಿ ಕೊನೆಗೆ ತಳ್ಳುತ್ತವೆ. ಅಷ್ಟು ಹೊತ್ತಿಗೆ ಮುಂದಿನ ವರ್ಷದ ಕ್ರಿಯಾ ಯೋಜನೆ ಹೆಚ್ಚುಕಮ್ಮಿ ಮುಗಿದಿರುತ್ತದೆ. ದುಡ್ಡು ಎಲ್ಲೆಲ್ಲಿಗೆ ಅಂತ ಹಂಚಿಕೆ ಆದ ಮೇಲೆ ಮಕ್ಕಳನ್ನು ಕರೆದು ಏನು ಬೇಕು ಅಂತ ಕೇಳಿದರೆ ಏನು ಬಂತು? ನವೆಂಬರಿನಲ್ಲೇ ಆಗಲಿ ಅಂದೆ. ಅಧ್ಯಕ್ಷರಮ್ಮ ಹೆಚ್ಚು ಓದಿದವರಲ್ಲ, ಆದರೆ ಲೆಕ್ಕ ಚೆನ್ನಾಗಿ ಗೊತ್ತು. "ಅನ್ನ ಬಡಿಸಿ ಮುಗಿಸಿ ಆಮೇಲೆ ಹಸಿವಾ ಅಂತ ಕೇಳಿದಂಗೆ ಆಗ್ತದೆ. ಮುಂಚೇನೇ ಮಾಡೋಣ" ಅಂದರು.

ಆಮೇಲೆ ಪೆಟ್ಟಿಗೆಗಳು. ಚಪ್ಪಲಿ ಡಬ್ಬಕ್ಕೆ ಬಣ್ಣದ ಕಾಗದ ಅಂಟಿಸಿ, ಮೇಲೆ ಸೀಳು ಮಾಡಿ, ಅಂಚಿಗೆಲ್ಲ ಟೇಪು ಸುತ್ತಿದೆವು. ಎಲ್ಲಿಡುವುದು ಅನ್ನುವುದು ಮುಖ್ಯ. ಹೆಡ್‌ಮಾಸ್ಟರ್ ಕೋಣೆಯಲ್ಲಿಟ್ಟರೆ ಚೀಟಿ ಬೀಳುವುದಿಲ್ಲ. ಮಕ್ಕಳು ಬಿಸಿಯೂಟಕ್ಕೆ ತಟ್ಟೆ ತೊಳೆಯುವ ನಲ್ಲಿಗಳ ಹತ್ತಿರ ಇಟ್ಟೆವು. ಒಂದು ನನ್ನ ಗ್ರಂಥಾಲಯದಲ್ಲಿ, ಒಂದು ಡೇರಿಯ ಹತ್ತಿರ. ಓದು ನಿಲ್ಲಿಸಿದ ಹುಡುಗರು ಹಾಲು ಹಾಕಲು ಅಲ್ಲಿಗೇ ಬರುತ್ತಾರೆ. ಹೆಸರು ಬರೆಯುವುದು ಬೇಡ, ತಪ್ಪಾಗಿ ಬರೆದರೂ ಪರವಾಗಿಲ್ಲ, ಬರೆಯಲು ಬಾರದಿದ್ದರೆ ಚಿತ್ರ ಬಿಡಿಸಿ ಅಂತ ಹೇಳಿದೆವು.

ಚೀಟಿಗಳು ತುಂಬ ಬಂದವು. "ನಮ್ಮ ಶಾಲೆ ಶೌಚಾಲಯಕ್ಕೆ ಬೀಗ. ಕೀ ಕೇಳಕ್ಕೆ ನಾಚಿಕೆ. ಬೆಳಿಗ್ಗೆಯಿಂದ ನೀರು ಕುಡಿಯಲ್ಲ." "ಬಸ್ ನಿಲ್ಲಿಸಲ್ಲ." "ಅಪ್ಪ ಕುಡಿದು ಬಂದಾಗ ಎಲ್ಲಿ ಓದಬೇಕು?" "ಹುಳ ಜ್ವರ ಎದ್ದಾಗ ನನ್ನನ್ನ ಶಾಲೆಗೆ ಕಳಿಸಲ್ಲ." ಒಂದರಲ್ಲಿ ಬರೀ ನಾಯಿಯ ಚಿತ್ರ ಇತ್ತು, ಹಲ್ಲು ಎಷ್ಟು ದೊಡ್ಡದಾಗಿ ಬಿಡಿಸಿತ್ತು ಅಂದರೆ ಆ ಮಗು ಎಷ್ಟು ಹೆದರಿರಬಹುದು ಅಂತ ಗೊತ್ತಾಗುತ್ತಿತ್ತು.

ಹುಳ ಜ್ವರದ ಚೀಟಿಯ ವಿಷಯ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮನೆಮನೆಗೂ ರೇಷ್ಮೆ. ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಹಗಲೂ ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಆ ವಾರ ಮನೆಯವರಿಗೆ ನಿದ್ದೆ ಇರುವುದಿಲ್ಲ. ಹುಳ ಹಣ್ಣಾದ ದಿನವಂತೂ, ಅಂದರೆ ಗೂಡು ಕಟ್ಟಲು ತಯಾರಾದ ದಿನ, ಚಂದ್ರಿಕೆಗೆ (ಗೂಡು ಕಟ್ಟಲು ಇಡುವ ಬಿದಿರಿನ ತಟ್ಟೆಗೆ) ಬಿಡಲು ಎಷ್ಟು ಕೈ ಇದ್ದರೂ ಸಾಲದು. ಆಗ ಮಕ್ಕಳ ಕೈಯೂ ಬೇಕಾಗುತ್ತದೆ. ಒಂದು ಶಾಲೆಯ ಟೀಚರ್ ಹಾಜರಿ ಪುಸ್ತಕ ತಂದು ತೋರಿಸಿದರು. ಯಾವ ಮನೆಯಲ್ಲಿ ಯಾವಾಗ ಬೆಳೆ ಎದ್ದಿದೆ ಅಂತ ಆ ಪುಸ್ತಕ ನೋಡಿಯೇ ಹೇಳಬಹುದಿತ್ತು.

ಚೀಟಿಗಳನ್ನು ಮೊದಲು ನಾನು ಮತ್ತು ಅಂಗನವಾಡಿ ಟೀಚರ್ ಇಬ್ಬರೇ ಕೂತು ಓದಿದೆವು. ಈ ಹೆಜ್ಜೆಯನ್ನು ಯಾರೂ ಬಿಡಬಾರದು. ಎಲ್ಲ ಚೀಟಿಯನ್ನೂ ಮೈಕಿನಲ್ಲಿ ಓದುವಂತಿಲ್ಲ. ಯಾರಾದರೂ ಮೈ ಮುಟ್ಟುತ್ತಾರೆ ಅಂತ ಒಂದು ಮಗು ಬರೆದರೆ ಅದು ಸಭೆಯ ವಿಷಯ ಅಲ್ಲ, 2012ರ ಪೋಕ್ಸೋ ಕಾಯ್ದೆಯಲ್ಲಿ ಕೂಡಲೇ ತಿಳಿಸಬೇಕಾದ ವಿಷಯ. ನಮಗೆ ಅಂಥದ್ದು ಬರಲಿಲ್ಲ. ಇನ್ನೊಂದು ಬಂತು. ನೋಟ್‌ಬುಕ್ಕಿನ ಹಾಳೆಯ ತುದಿ ಹರಿದು ಬರೆದಿದ್ದರು. "ಅಕ್ಕನಿಗೆ ಮದುವೆ ಗೊತ್ತಾಗಿದೆ. ಅವಳಿಗೆ ಇನ್ನೂ 16. ಯಾರಿಗೂ ಹೇಳಬೇಡಿ."

ಯಾರಿಗೂ ಹೇಳಬೇಡಿ ಅಂತ ಬರೆದು ಪೆಟ್ಟಿಗೆಗೆ ಹಾಕಿದ ಆ ಮಗುವಿನ ಧೈರ್ಯ ನೆನೆದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಅಕ್ಷರ ನನಗೆ ಗುರುತು ಸಿಕ್ಕಿತು. ದಿನಾ ನೋಡುವ ಮಕ್ಕಳಲ್ಲವಾ. ಆದರೆ ಚೀಟಿಯಿಂದ ಗೊತ್ತಾಯಿತು ಅಂತ ಆ ಮನೆಗೆ ತಿಳಿಯುವಂತಿಲ್ಲ. ನಮ್ಮ ರಾಜ್ಯದಲ್ಲಿ ಪಿಡಿಒ ಕೂಡ ಬಾಲ್ಯವಿವಾಹ ನಿಷೇಧ ಅಧಿಕಾರಿ. ಅವರಿಗೆ ಹೇಳಿದೆವು, ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿದೆವು. ಫೋನ್ ಮಾಡಿದವರ ಹೆಸರು ಹೊರಗೆ ಬರುವುದಿಲ್ಲ. ಅಂಗನವಾಡಿ ಮೇಲ್ವಿಚಾರಕಿ, ಪಿಡಿಒ, ಪೊಲೀಸರು ಆ ಮನೆಗೆ ಹೋದರು. ಮದುವೆ ಆದರೂ ಕಾನೂನಿನಲ್ಲಿ ಅದು ಊರ್ಜಿತ ಅಲ್ಲ, ಮಾಡಿಸಿದವರು, ಅಡುಗೆಯವರು, ಪುರೋಹಿತರು ಎಲ್ಲರ ಮೇಲೂ ಕೇಸ್ ಬರಬಹುದು ಅಂತ ತಿಳಿಸಿ ಹೇಳಿದರು. ತಂದೆ ಮುಚ್ಚಳಿಕೆ ಬರೆದುಕೊಟ್ಟರು. ಮದುವೆ ನಿಂತಿತು. ಹುಡುಗಿ ಕೆಲವು ತಿಂಗಳು ಮನೆಯಿಂದ ಆಚೆ ಬರಲಿಲ್ಲ, ಕಾಲೇಜಿಗೂ ಹೋಗಲಿಲ್ಲ. ಈಗ ಹೊಲಿಗೆ ಕಲಿಯುತ್ತಿದ್ದಾಳೆ, ಪಿಯುಸಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟುತ್ತೇನೆ ಅನ್ನುತ್ತಾಳೆ. ಮದುವೆ ನಿಲ್ಲಿಸುವುದು ಒಂದು ದಿನದ ಕೆಲಸ. ಆಮೇಲೆ ಆ ಮನೆಯ ಜೊತೆ ನಿಲ್ಲುವುದೇ ದೊಡ್ಡ ಕೆಲಸ. ಅದಕ್ಕೆ ಯಾವ ಸುತ್ತೋಲೆಯೂ ಬರುವುದಿಲ್ಲ.

ಸಭೆಗೆ ಮುಂಚಿನ ಶನಿವಾರ ಮಕ್ಕಳಿಂದ ಊರಿನ ನಕ್ಷೆ ಹಾಕಿಸಿದೆವು. ಶಾಲೆಯ ಮೈದಾನದಲ್ಲಿ, ರಂಗೋಲಿ ಪುಡಿಯಲ್ಲಿ. ಬಿಳಿಯಲ್ಲಿ ದಾರಿ, ನೀಲಿಯಲ್ಲಿ ನೀರು, ಹಸಿರಲ್ಲಿ ಇಷ್ಟದ ಜಾಗ, ಕೆಂಪಲ್ಲಿ ಭಯದ ಜಾಗ. ದೊಡ್ಡವರು ಯಾರೂ ಬಾಯಿ ಹಾಕಬಾರದು ಅಂತ ಮೊದಲೇ ಹೇಳಿದ್ದೆ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಬೇರೆ ಬೇರೆ ನಕ್ಷೆ ಹಾಕಿದರು.

ಆ ಎರಡು ನಕ್ಷೆಗಳನ್ನು ಅಕ್ಕಪಕ್ಕ ನೋಡಿದಾಗ ಒಂದೇ ಊರು ಅಂತ ಅನಿಸಲಿಲ್ಲ. ಹುಡುಗರಿಗೆ ಅರಳಿಕಟ್ಟೆ ಹಸಿರು. ಹುಡುಗಿಯರಿಗೆ ಅದು ಕೆಂಪು. ದಿನವಿಡೀ ಗಂಡಸರು ಕೂತಿರುತ್ತಾರೆ, ಹೋಗುವಾಗ ಬರುವಾಗ ನೋಡುತ್ತಾರೆ, ಏನಾದರೂ ಅನ್ನುತ್ತಾರೆ. ಅದಕ್ಕೇ ದೊಡ್ಡ ಹುಡುಗಿಯರು ಹಿಂದಿನ ಓಣಿಯಲ್ಲಿ ಸುತ್ತು ಹಾಕಿಕೊಂಡು ಬಸ್‌ಸ್ಟಾಪಿಗೆ ಹೋಗುತ್ತಾರೆ. ನಾನು ಅದೇ ಊರಲ್ಲಿ ಬೆಳೆದವಳು. ನಾನೂ ಆ ಓಣಿಯಲ್ಲೇ ಹೋಗುತ್ತಿದ್ದೆ. ಇಷ್ಟು ವರ್ಷವಾದರೂ ಹುಡುಗಿಯರ ದಾರಿ ಬದಲಾಗಿಲ್ಲ. ಸಭೆಯನ್ನು ಅರಳಿಕಟ್ಟೆಯ ಹತ್ತಿರ ಮಾಡೋಣ, ನೆರಳಿದೆ ಅಂತ ಮಾತಾಗಿತ್ತು. ನಕ್ಷೆ ನೋಡಿದ ಮೇಲೆ ಅಧ್ಯಕ್ಷರಮ್ಮನೇ ಬೇಡ ಅಂದರು. ಶಾಲೆಯ ಹೊಂಗೆ ಮರದ ಕೆಳಗೆ ಅಂತ ತೀರ್ಮಾನ ಆಯಿತು.

ಹುಡುಗರ ನಕ್ಷೆಯಲ್ಲಿ ಇನ್ನೊಂದು ಇತ್ತು. ಏಳನೇ ಕ್ಲಾಸಿನ ಒಬ್ಬ ಹುಡುಗ ತೋಟಗಳ ಕಡೆ ನೀಲಿ ಪುಡಿಯಲ್ಲಿ ಚೌಕ ಹಾಕುತ್ತಾ ಹೋದ. ಒಂದೊಂದು ಚೌಕದ ಸುತ್ತಲೂ ಕೆಂಪು ಗೆರೆ. "ಇದು ಕೃಷಿ ಹೊಂಡ. ಇದೂನೂ. ಇದಕ್ಕೆ ಬೇಲಿ ಐತೆ, ಇದಕ್ಕಿಲ್ಲ, ಇದಕ್ಕಿಲ್ಲ" ಅಂತ ಎಣಿಸುತ್ತಿದ್ದ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗದ ಕಾಲ ಬಂತು. ಹಾಗಾಗಿ ಕೃಷಿ ಹೊಂಡ ರೈತರಿಗೆ ಜೀವ ಉಳಿಸಿದ್ದು ನಿಜ. ಆದರೆ ಹೊಂಡದ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟುತ್ತದೆ. ಕಾಲು ಜಾರಿ ಬಿದ್ದರೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬರುವವರೇ ಹತ್ತಿ ಬರಲು ಒದ್ದಾಡುತ್ತಾರೆ. ನಮ್ಮ ಮಕ್ಕಳಿಗೆ ಈಜೂ ಬರುವುದಿಲ್ಲ.

ಇದು ನನಗೆ ಆವತ್ತೇ ಹೊಳೆದದ್ದು. ನಮ್ಮ ಅಪ್ಪನ ಕಾಲದವರೆಲ್ಲ ಊರ ಕೆರೆಯಲ್ಲಿ, ತೆರೆದ ಬಾವಿಯಲ್ಲಿ ಈಜು ಕಲಿತರು. ಆಮೇಲೆ ಬಾವಿ ಬತ್ತಿದವು, ಕೆರೆ ಒಣಗಿತು. ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ಮಕ್ಕಳು ಅಲ್ಲಿ ಕ್ರಿಕೆಟ್ ಆಡುತ್ತಾ ಬೆಳೆದರು. 2021ರ ನವೆಂಬರ್ ಮಳೆಗೆ ಕೆರೆಗಳು ತುಂಬಿ ಕೋಡಿ ಹರಿದಾಗ ಊರೆಲ್ಲ ಸೇರಿ ಗಂಗಮ್ಮನಿಗೆ ಪೂಜೆ ಮಾಡಿ ಬಾಗಿನ ಬಿಟ್ಟೆವು. ಆ ನೀರನ್ನು ಮೊದಲ ಸಲ ನೋಡುತ್ತಿರುವ ಮಕ್ಕಳಿಗೆ ಆಳ ಅಂದರೆ ಏನು ಅಂತಲೇ ಗೊತ್ತಿಲ್ಲ ಅನ್ನುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಒಂದು ಹಳ್ಳಿಯ ಮಕ್ಕಳು ಶಾಲೆಗೆ ಬರುವುದೇ ಕೆರೆ ಕಟ್ಟೆ ಮೇಲೆ. ಹುಡುಗಿಯೊಬ್ಬಳು ಸಭೆಯಲ್ಲಿ ಅದನ್ನೇ ಹೇಳಿದಳು: "ಕೆರೆ ತುಂಬಿದ್ದಕ್ಕೆ ನಿಮಗೆಲ್ಲ ಖುಷಿ. ನಮಗೆ ದಿನಾ ಭಯ."

ವಲಸೆ ಬಂದವರ ಮಕ್ಕಳು ಶಾಲೆಯ ಪೆಟ್ಟಿಗೆಗೂ ಸಿಗುವುದಿಲ್ಲ, ನಕ್ಷೆಗೂ ಸಿಗುವುದಿಲ್ಲ. ದ್ರಾಕ್ಷಿ ತೋಟದ ಶೆಡ್ಡುಗಳಿಗೆ ಆಶಾ ಅಕ್ಕನ ಜೊತೆ ನಾವೇ ಹೋದೆವು. ಕೆಲವು ಮಕ್ಕಳು ದಾಖಲೆ ಇಲ್ಲ ಅಂತ ಶಾಲೆಗೇ ಹೋಗಿರಲಿಲ್ಲ. ವಯಸ್ಸಿನ ಪುರಾವೆ ಇಲ್ಲ ಅಂತ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಮುಖ್ಯ ಶಿಕ್ಷಕರಿಗೆ ಹೇಳಿದ ಕೂಡಲೇ ಸೇರಿಸಿಕೊಂಡರು. ಇದಕ್ಕೆ ಸಭೆಯವರೆಗೆ ಕಾಯಬೇಕಾಗಲಿಲ್ಲ.

ವಿಷಯ ಪಟ್ಟಿಯನ್ನು ಮಕ್ಕಳೇ ಮಾಡಿ ಸಭೆಗೆ ಒಂದು ವಾರ ಮುಂಚೆ ಪಿಡಿಒಗೆ ಕೊಟ್ಟರು. ಹೀಗೆ ಮಾಡಿದ್ದರಿಂದ ತುಂಬ ಅನುಕೂಲ ಆಯಿತು. ಮೊದಲೇ ಗೊತ್ತಿದ್ದರೆ ಅಧಿಕಾರಿಗಳು "ನೋಡಿ ಹೇಳ್ತೀವಿ" ಅನ್ನುವಂತಿಲ್ಲ, ನೋಡಿಕೊಂಡೇ ಬರಬೇಕು. ಪಟ್ಟಿಯ ಮೊದಲನೇ ಸಾಲನ್ನು ಹತ್ತನೇ ಕ್ಲಾಸಿನ ಹುಡುಗಿ ಬರೆಸಿದಳು: ಹೋದ ವರ್ಷ ಕೇಳಿದ್ದು ಏನಾಯ್ತು?

ಸಭೆಯ ದಿನ ವೇದಿಕೆ ಇರಲಿಲ್ಲ. ಜಮಖಾನ ಹಾಸಿ ಎಲ್ಲರೂ ಸುತ್ತಲೂ ಕೂತೆವು. ಮೊಣಕಾಲು ನೋವಿನವರಿಗೆ ಮಾತ್ರ ಕುರ್ಚಿ. ಒಂಬತ್ತನೇ ಕ್ಲಾಸಿನ ಹುಡುಗಿ ಅಧ್ಯಕ್ಷತೆ ವಹಿಸಿದಳು. ಇಬ್ಬರು ಮಕ್ಕಳು ಬರೆದುಕೊಳ್ಳಲು ಕೂತರು. ನಮ್ಮ ಕಡೆ ತುಂಬ ಮನೆಗಳಲ್ಲಿ ತೆಲುಗು. ಚಿಕ್ಕ ಮಕ್ಕಳಿಗೆ ನಾಲ್ಕು ಜನರ ಮುಂದೆ ಕನ್ನಡದಲ್ಲಿ ಮಾತಾಡಲು ತಡವರಿಕೆ. ತೆಲುಗಿನಲ್ಲೇ ಕೇಳಿ, ಬರೆಯುವುದನ್ನು ಅಣ್ಣಂದಿರು ಕನ್ನಡದಲ್ಲಿ ಬರೆಯುತ್ತಾರೆ ಅಂದದ್ದೇ ತಡ, ಕೈಗಳು ಮೇಲೆದ್ದವು.

ಮೊದಲ ಪ್ರಶ್ನೆಗೆ ಪಿಡಿಒ ಎದ್ದು ನಿಂತು ಉತ್ತರ ಓದಿದರು. ಹಿಂದಿನ ವರ್ಷ ಮಕ್ಕಳು ಕೇಳಿದ್ದರಲ್ಲಿ ಕೆಲವು ಆಗಿದ್ದವು, ಜಾಸ್ತಿ ಆಗಿರಲಿಲ್ಲ. ಯಾಕೆ ಆಗಲಿಲ್ಲ ಅಂತ ಒಂದೊಂದಕ್ಕೂ ಹೇಳಿದರು. ಅನುದಾನ ಬಂದಿರಲಿಲ್ಲ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಇದು ಬಿಟ್ಟುಹೋಗಿದೆ. ಬಿಟ್ಟುಹೋಗಿದೆ ಅಂತ ಒಬ್ಬ ಅಧಿಕಾರಿ ಮಕ್ಕಳ ಮುಂದೆ ಒಪ್ಪಿಕೊಂಡದ್ದನ್ನು ನಾನು ಮೊದಲ ಸಲ ನೋಡಿದೆ. ಅವರ ಮೇಲಿನ ಗೌರವ ಆವತ್ತು ಹೆಚ್ಚಾಯಿತು.

ಶೌಚಾಲಯದ ಮಾತು ಬೇಗ ಮುಗಿಯಿತು. ಬೀಗ ಹಾಕಿದ್ದು ನೀರಿಲ್ಲದ್ದಕ್ಕೆ, ನೀರಿಲ್ಲದ್ದು ಟ್ಯಾಂಕಿನಿಂದ ಬರುವ ಪೈಪು ಒಡೆದಿದ್ದಕ್ಕೆ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 60ರಷ್ಟು ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ದುಡ್ಡಿಗೆ ತೊಂದರೆ ಇರಲಿಲ್ಲ. ಇಷ್ಟು ಚಿಕ್ಕ ಕೆಲಸಕ್ಕೆ ಎಷ್ಟು ಹೆಣ್ಣುಮಕ್ಕಳು ಎಷ್ಟು ದಿನ ನೀರು ಕುಡಿಯದೆ ಕೂತಿದ್ದರು ಅಂತ ಯೋಚಿಸಿದರೆ ಸಂಕಟ ಆಗುತ್ತದೆ.

ಗಲಾಟೆ ಆದದ್ದು ಗುಟ್ಕಾ ವಿಷಯಕ್ಕೆ. ಶಾಲೆಯ ಗೇಟಿನ ಹತ್ತಿರದ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ, ಗುಟ್ಕಾ ಮಾರುತ್ತಾರೆ, ದೊಡ್ಡ ಹುಡುಗರು ಚಿಕ್ಕವರ ಕೈಯಲ್ಲಿ ತರಿಸುತ್ತಾರೆ ಅಂತ ಎಂಟನೇ ಕ್ಲಾಸಿನ ಹುಡುಗಿ ಹೇಳಿದಳು. ಅಂಗಡಿ ಯಾರದ್ದು ಅಂತ ಎಲ್ಲರಿಗೂ ಗೊತ್ತು. ಒಬ್ಬ ಮೆಂಬರ್ ಸಂಬಂಧಿಕರದ್ದು. ಆ ಮೆಂಬರ್ ಎದ್ದರು. "ಇದೆಲ್ಲ ಮಕ್ಕಳ ಬಾಯಲ್ಲಿ ಬರೋ ಮಾತಾ? ಯಾರಮ್ಮ ಹೇಳ್ಕೊಟ್ಟಿದ್ದು?" ಅಂತ ಕೇಳಿದ್ದು ಅವಳನ್ನು, ನೋಡಿದ್ದು ನನ್ನನ್ನು.

ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಅವಳೇ, "ಯಾರೂ ಹೇಳ್ಕೊಟ್ಟಿಲ್ಲ ಸಾರ್. ಶಾಲೆ ಕಾಂಪೌಂಡ್ ಒಳಗೆ ಆಯ್ಕೊಂಡು ಬಂದಿದ್ದೀವಿ" ಅಂದು, ಒಂದು ಗೊಬ್ಬರದ ಚೀಲ ತಂದು ಜಮಖಾನದ ಮೇಲೆ ಸುರಿದಳು. ಖಾಲಿ ಗುಟ್ಕಾ ಪ್ಯಾಕೆಟ್ಟುಗಳು. ಗಾಳಿಗೆ ಕೆಲವು ಹಾರಿ ಆ ಮೆಂಬರ್ ಕಾಲ ಹತ್ತಿರ ಹೋದವು. ಯಾರೂ ಮಾತಾಡಲಿಲ್ಲ. ಅಧ್ಯಕ್ಷರಮ್ಮ ಮೆಲ್ಲಗೆ, "ಬರ್ಕೊಳ್ರಪ್ಪ, ಬರ್ಕೊಳ್ಳಿ" ಅಂತ ಬರೆಯುವ ಹುಡುಗರಿಗೆ ಹೇಳಿದರು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಅಂತ 2003ರ ಕೇಂದ್ರ ಕಾಯ್ದೆ ಹೇಳುತ್ತದೆ. ಅಂಗಡಿಗೆ ಲೈಸೆನ್ಸ್ ಕೊಡುವುದು ಪಂಚಾಯಿತಿಯೇ. ಹಾಗಾಗಿ ಇದು ನಮ್ಮ ವ್ಯಾಪ್ತಿ ಅಲ್ಲ ಅನ್ನಲು ಯಾರಿಗೂ ದಾರಿ ಇರಲಿಲ್ಲ.

ಮಕ್ಕಳಿಗೆ ಯಾರೋ ಹೇಳಿಕೊಟ್ಟಿದ್ದಾರೆ ಅನ್ನುವ ಮಾತು ಎಲ್ಲ ಕಡೆಯೂ ಬರುತ್ತದೆ. ಮಕ್ಕಳು ಕಾಂಪೌಂಡ್ ಕೇಳಿದರೆ ಯಾರೂ ಹಾಗೆ ಅನ್ನುವುದಿಲ್ಲ. ದೊಡ್ಡವರಿಗೆ ಮುಜುಗರ ಆಗುವುದನ್ನು ಕೇಳಿದಾಗ ಮಾತ್ರ ಅನ್ನುತ್ತಾರೆ. ಅದಕ್ಕೆ ಮಕ್ಕಳ ಕೈಯಲ್ಲಿ ಪುರಾವೆ ಇರಬೇಕು. ಪುರಾವೆ ಕೂಡಿಸುವುದನ್ನು ನಾವು ಕಲಿಸಬಹುದು, ಏನು ಕೇಳಬೇಕು ಅಂತ ಕಲಿಸಬಾರದು.

ಹೊಂಡದ ವಿಷಯ ಬಂದಾಗ ರೈತರು ಒಪ್ಪಿದರು, ಆದರೆ ತಂತಿ ಬೇಲಿಗೆ ದುಡ್ಡೆಲ್ಲಿ ಅಂದರು. ನೀಲಿ ಚೌಕ ಹಾಕಿದ ಹುಡುಗ ಅದಕ್ಕೂ ಯೋಚನೆ ಮಾಡಿಕೊಂಡು ಬಂದಿದ್ದ. ಬೇಲಿ ಆಗುವವರೆಗೆ ನಾಲ್ಕು ಕಡೆ ಗೂಟ ಹೊಡೆದು, ಗಂಟು ಹಾಕಿದ ಹಗ್ಗ ನೀರಿಗೆ ಇಳಿಬಿಡಿ, ತುದಿಗೆ ಖಾಲಿ ಕ್ಯಾನ್ ಕಟ್ಟಿ. ಬಿದ್ದವರಿಗೆ ಹಿಡಿಯಲು ಏನಾದರೂ ಸಿಗುತ್ತದೆ. ಹಗ್ಗ, ಕ್ಯಾನ್ ಎಲ್ಲರ ಮನೆಯಲ್ಲೂ ಇರುತ್ತದೆ. ಪಂಚಾಯಿತಿ ಎಲ್ಲ ಹೊಂಡದ ಮಾಲೀಕರಿಗೂ ನೋಟಿಸ್ ಕೊಡುವುದು, ಮೆಂಬರುಗಳು ತಮ್ಮ ತಮ್ಮ ವಾರ್ಡಿನಲ್ಲಿ ಹೋಗಿ ನೋಡುವುದು ಅಂತ ತೀರ್ಮಾನ ಬರೆಸಿದರು.

ರೇಷ್ಮೆ ಕೆಲಸದ ಬಗ್ಗೆ ಮಾತು ನಾಜೂಕಾಗಿತ್ತು. ಅಪ್ಪ ಅಮ್ಮಂದಿರು ಅಲ್ಲೇ ಕೂತಿದ್ದರು. ಮಗುವನ್ನು ದುಡಿಸಿಕೊಳ್ಳುವ ಕೆಟ್ಟವರು ಅವರಲ್ಲ. ಒಂದು ಬೆಳೆ ಕೈಕೊಟ್ಟರೆ ಸಾಲ ತೀರುವುದಿಲ್ಲ. ಮನೆ ಕಸುಬಿಗೆ ಶಾಲೆ ಹೊತ್ತಿನ ಆಚೆ ಮಗು ಸಹಾಯ ಮಾಡಬಹುದು, ಓದಿಗೆ ಅಡ್ಡಿ ಆಗಬಾರದು ಅಂತ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹೇಳುತ್ತದೆ ಅಂತ ಟೀಚರ್ ವಿವರಿಸಿದರು. ಒಬ್ಬ ಹುಡುಗಿ ಎದ್ದು, "ಮೊದಲು ಮುಯ್ಯಾಳು ಇತ್ತಂತಲ್ಲ, ನಮ್ಮಜ್ಜಿ ಹೇಳ್ತಾರೆ. ಹುಳ ಹಣ್ಣಾದ ದಿನ ಒಬ್ಬರ ಮನೆಗೆ ಒಬ್ಬರು ಹೋಗಬಹುದಲ್ಲ" ಅಂದಳು. ಎಲ್ಲರ ಮನೆಯಲ್ಲೂ ಒಂದೇ ದಿನ ಹಣ್ಣಾಗುವುದಿಲ್ಲ, ಆದ್ದರಿಂದ ಅದು ಆಗುವ ಮಾತೇ. ಈಗ ಒಂದು ಬೀದಿಯಲ್ಲಿ ಕೆಲವು ಮನೆಯವರು ಹಾಗೆ ಮಾಡುತ್ತಿದ್ದಾರೆ. ಉಳಿದ ಕಡೆ ಹಾಜರಿ ಪುಸ್ತಕ ಇನ್ನೂ ಹಾಗೇ ಇದೆ.

ಸಭೆಯಷ್ಟೇ ಮುಖ್ಯವಾದದ್ದು ಮರುದಿನ ನಡೆಯಿತು. ನಡಾವಳಿ ಬರೆಯುವುದು. "ಮಕ್ಕಳ ವಿವಿಧ ಸಮಸ್ಯೆಗಳ ಬಗ್ಗೆ ಚರ್ಚಿಸಿ ಸೂಕ್ತ ಕ್ರಮ ವಹಿಸಲು ತೀರ್ಮಾನಿಸಲಾಯಿತು" ಅಂತ ಒಂದೇ ಸಾಲು ಬರೆದು ಮುಗಿಸುವ ಅಭ್ಯಾಸ ಇದೆ. ಹಾಗೆ ಬರೆದರೆ ಮುಂದಿನ ವರ್ಷ ಏನು ಕೇಳುವುದು, ಯಾರನ್ನು ಕೇಳುವುದು? ನಾವು ಮಕ್ಕಳ ಬರವಣಿಗೆ ಇಟ್ಟುಕೊಂಡು ಕೂತೆವು. ಒಂದೊಂದು ವಿಷಯಕ್ಕೂ ಏನು ಮಾಡುವುದು, ಯಾರು ಮಾಡುವುದು, ಯಾವ ತಿಂಗಳೊಳಗೆ ಅಂತ ಬರೆಸಿದೆವು. ಪಂಚಾಯಿತಿಯಿಂದ ಆಗದ್ದಕ್ಕೆ ಯಾವ ಇಲಾಖೆಗೆ ಯಾವತ್ತು ಪತ್ರ ಅಂತಲೂ ಬರೆಸಿದೆವು. ಸಹಿ ಹಾಕಿದವರಲ್ಲಿ ಮಕ್ಕಳೂ ಇದ್ದರು. ಒಂದು ಪ್ರತಿ ಪಂಚಾಯಿತಿ ಪುಸ್ತಕದಲ್ಲಿ, ಒಂದು ಪ್ರತಿ ನನ್ನ ಗ್ರಂಥಾಲಯದ ಗೋಡೆ ಮೇಲೆ. ಮಕ್ಕಳು ಸಂಜೆ ಬಂದಾಗ ನೋಡುತ್ತಾರೆ, ಆದದ್ದಕ್ಕೆ ಹಸಿರು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಪಂಚಾಯಿತಿಯ ತಿಂಗಳ ಸಭೆಗೆ ಬರುವ ಮೆಂಬರುಗಳಿಗೂ ಆ ಗೋಡೆ ಕಾಣುತ್ತದೆ.

ಶೌಚಾಲಯಕ್ಕೆ ನೀರು ಬಂತು, ಬೀಗ ಹೋಯಿತು. ಕೆರೆ ಕಟ್ಟೆಯ ತಿರುವಿನಲ್ಲಿ ಕಂಬಿ ಹಾಕಿಸುವುದು ಕ್ರಿಯಾ ಯೋಜನೆಗೆ ಸೇರಿತು, ಕೆಲಸವೂ ಆಯಿತು. ಗುಟ್ಕಾ ಅಂಗಡಿಗೆ ನೋಟಿಸ್ ಹೋಯಿತು. ಈಗ ಎದುರಿಗೆ ತೂಗುಹಾಕುವುದಿಲ್ಲ, ಒಳಗೆ ಮಾರುತ್ತಾರೆ ಅಂತ ಮಕ್ಕಳು ಹೇಳುತ್ತಾರೆ. ಹಾಗಾಗಿ ಅದಕ್ಕೆ ಹಸಿರು ಗುರುತು ಹಾಕಿಲ್ಲ. ಹೊಂಡಗಳಲ್ಲಿ ಕೆಲವಕ್ಕೆ ಹಳೇ ಶೇಡ್ ನೆಟ್ಟಿನ ಬೇಲಿ ಬಂದಿದೆ, ತುಂಬ ಕಡೆ ಹಗ್ಗ ಮತ್ತು ಕ್ಯಾನ್ ಇದೆ, ಕೆಲವು ಕಡೆ ಏನೂ ಇಲ್ಲ. ಅರಳಿಕಟ್ಟೆಯ ವಿಷಯಕ್ಕೆ ನೋಟಿಸ್ ಕೊಡಲು ಆಗುವುದಿಲ್ಲ. ಆದರೆ ಪಿಯುಸಿ ಹುಡುಗರು ಸಂಜೆ ಅಲ್ಲಿ ಕೂತು ಪೇಪರ್ ಓದಲು ಶುರು ಮಾಡಿದ್ದಾರೆ, ಯಾರಾದರೂ ಏನಾದರೂ ಅಂದರೆ ಅಲ್ಲೇ ಕೇಳುತ್ತಾರೆ. ಅವರಲ್ಲಿ ಒಬ್ಬನಿಗೆ ಈ ವರ್ಷ 18 ತುಂಬಿತು. ವಾರ್ಡ್ ಸಭೆಗೆ ಬಂದು ಬೀದಿ ದೀಪ ಯಾವಾಗ ಅಂತ ಕೇಳಿದ. ಆ ಸಭೆಯಲ್ಲಿ ಅಷ್ಟು ಚಿಕ್ಕ ವಯಸ್ಸಿನವರನ್ನು ನಾನು ನೋಡಿರಲಿಲ್ಲ.

ಬಸ್ಸಿನ ವಿಷಯ ಇನ್ನೂ ಹಾಗೇ ನಿಂತಿದೆ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ಇಲ್ಲ, ಆದರೆ ತುಂಬಿ ಬಂದ ಬಸ್ಸು ನಮ್ಮ ಸ್ಟಾಪಿನಲ್ಲಿ ನಿಲ್ಲಬೇಕಲ್ಲ. ಪಂಚಾಯಿತಿ ಪತ್ರ ಬರೆಯಿತು. ಪರಿಶೀಲಿಸುತ್ತೇವೆ ಅಂತ ಉತ್ತರ ಬಂತು. ಮಕ್ಕಳು ಸುಮ್ನೆ ಕೂರಲಿಲ್ಲ. ಯಾವ ದಿನ ಬಸ್ಸು ನಿಂತಿತು, ಯಾವ ದಿನ ನಿಲ್ಲದೆ ಹೋಯಿತು, ಎಷ್ಟು ಜನ ಉಳಿದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದಾರೆ. ಆ ನೋಟ್‌ಬುಕ್ಕಿನ ಜೆರಾಕ್ಸ್ ಸೇರಿಸಿ ಇನ್ನೊಂದು ಪತ್ರ ಹೋಗಿದೆ. ಈ ವರ್ಷದ ಸಭೆಗೆ ವಿಷಯ ಪಟ್ಟಿ ಈಗಾಗಲೇ ಪಿಡಿಒ ಕೈ ಸೇರಿದೆ. ಮೊದಲನೆಯದು ಬಸ್ಸು, ಡಿಪೋದವರೇ ಬಂದು ಉತ್ತರ ಕೊಡಬೇಕು ಅಂತ ಕೇಳಿದ್ದಾರೆ. ಆಹ್ವಾನಕ್ಕೆ ಅಧ್ಯಕ್ಷರಮ್ಮ ಸಹಿ ಹಾಕಿ ಕಳಿಸಿದ್ದಾರೆ. ಎರಡನೆಯದು, ನಮಗೆ ಈಜು ಕಲಿಸಿ. ಎಲ್ಲಿ, ಯಾರು ಕಲಿಸುವುದು ಅಂತ ಊರಿನ ಹಿರಿಯರ ಹತ್ತಿರ ಮಾತು ನಡೆಯುತ್ತಿದೆ.